ಬ್ರೇಕಿನ ದೀಪ ಹತ್ತಿದ್ದಕ್ಕೆ ಕಾರಣ

ವಸ್ತ್ರಾಪುರ, ಅಹಮದಾಬಾದ್
೩೦ ನವೆಂಬರ್ ೨೦೨೫, ಭಾನುವಾರ ಬೆಳಿಗ್ಗೆ

ರೀ,

ನಮಸ್ಕಾರ. ನಾನೂ ನಿಮ್ಮ ಮಗಳೂ ಇಲ್ಲಿ ಕ್ಷೇಮ. ನಿಮ್ಮ ನೆಗಡಿ ಈ ಹೊತ್ತಿಗೆ ಇಳಿದಿರಬಹುದು ಅಂದುಕೊಂಡಿದ್ದೇನೆ.

ಮೂರು ವಾರದಿಂದ ಫೋನಿನಲ್ಲಿ ನಿಮ್ಮ ಹತ್ತಿರ ಸರಿಯಾಗಿ ಮಾತಾಡಿಲ್ಲ. "ಹೂಂ", "ಊಟ ಆಯ್ತು", "ತಲೆನೋವು", ಇಷ್ಟರಲ್ಲೇ ಮುಗಿಸಿದ್ದೇನೆ. ಮೊದಲು ಅದಕ್ಕೆ ಕ್ಷಮಿಸಿ. ಹೇಳುವುದು ಬೇಕಾದಷ್ಟಿತ್ತು. ಫೋನಿನಲ್ಲಿ ಹೇಳಲು ಹೊರಟರೆ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಅಳುತ್ತೇನೆ, ಯಾವ ಮಾತಿಗೆ ಹೊರಟಿದ್ದೆವೋ ಅದೇ ಮರೆತುಹೋಗುತ್ತದೆ. ಮದುವೆಯಾದ ಹೊಸದರಲ್ಲಿ ನೀವು ರಾಯಚೂರು ಬ್ರಾಂಚಿನಲ್ಲಿದ್ದಾಗ ನಾನು ಹಾಸನದಿಂದ ವಾರಕ್ಕೊಂದು ಕಾಗದ ಹಾಕುತ್ತಿದ್ದೆನಲ್ಲ, ಹಾಗೇ ಇದನ್ನೂ ಬರೆಯುತ್ತಿದ್ದೇನೆ. ಅದಿತಿ ಇನ್ನೂ ಎದ್ದಿಲ್ಲ. ಅವಳ ಆಫೀಸಿನ ನೋಟ್‌ಪ್ಯಾಡೇ ಗತಿ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ಸಹಿಸಿಕೊಳ್ಳಿ, ಇಷ್ಟುದ್ದ ಕನ್ನಡ ಬರೆದು ಎಷ್ಟು ಕಾಲವಾಯಿತೋ.

ಮುಖ್ಯ ಸುದ್ದಿ ಏನೆಂದರೆ, ನಮ್ಮ ಕಾರು ಈಗ ಅದಿತಿಯ ಬಿಲ್ಡಿಂಗಿನ ಕೆಳಗೆ ನಿಂತಿದೆ. ನಿನ್ನೆ ಬರೋಡಾದ ಮಂಜಲ್‌ಪುರದ ಮನೆಯಿಂದ ಇಲ್ಲಿಯವರೆಗೆ ನಾನೇ ಓಡಿಸಿಕೊಂಡು ಬಂದೆ, ಒಬ್ಬಳೇ. ಗಾಬರಿಯಾಗಿ ಈಗಲೇ ಫೋನ್ ಮಾಡಬೇಡಿ. ಪೂರ್ತಿ ಓದಿ.

ದೀಪಾವಳಿಗೆ ನೀವು ಕಾರನ್ನು ಸೂರತ್‌ನಿಂದ ತಂದು ಮನೆಯಲ್ಲಿ ಬಿಟ್ಟಿರಿ. ಜೂನ್‌ನಿಂದ ಅದು ನಿಮ್ಮ ಹತ್ತಿರವೇ ಇತ್ತು. ತರಕಾರಿ ಮಾರ್ಕೆಟ್ಟಿಗೆ, ದೇವಸ್ಥಾನಕ್ಕೆ ಬೇಕಾದರೆ ಓಡಿಸು, ಅದಕ್ಕಿಂತ ದೂರ ಬೇಡ ಅಂತ ಹೇಳಿ ರೈಲು ಹತ್ತಿದಿರಿ. ನನಗೆ ಅಷ್ಟೇ ಸಾಕಾಗಿತ್ತು. ನಲವತ್ತೊಂಬತ್ತನೇ ವಯಸ್ಸಿಗೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಲೈಸೆನ್ಸ್ ತೆಗೆದುಕೊಂಡವಳು ನಾನು. ಮನೆಯ ಕಾರು ಮನೆಯಲ್ಲೇ ಇದೆ ಅನ್ನುವುದೇ ದೊಡ್ಡ ಸಂತೋಷ. ಹಬ್ಬದ ಮಾರನೇ ದಿನ ಅದನ್ನು ಒಳಗೂ ಹೊರಗೂ ಒರೆಸಿದೆ. ಹಿಂದಿನ ಗಾಜಿನ ಮೇಲೆ ಚೌಕವಾಗಿ ಗೋಂದಿನ ಕಲೆ ಇತ್ತು. ಯಾವುದೋ ಪಾರ್ಕಿಂಗ್ ಚೀಟಿ ಇರಬೇಕು ಅಂದುಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತೆಗೆದೆ. ಡಿಕ್ಕಿಯಲ್ಲಿ ಒಂದು ದಪ್ಪ ದಿಂಬು ಇತ್ತು. ಪಾಪ, ಬೆನ್ನುನೋವಿಗೆ ತಂದುಕೊಂಡಿದ್ದಾರೆ ಅಂತ ಬಿಸಿಲಿಗೆ ಹಾಕಿ ಕವರು ಒಗೆದಿಟ್ಟೆ.

ನವೆಂಬರ್ ಎರಡು, ಭಾನುವಾರ. ತುಳಸಿ ಪೂಜೆಗೆ ಕಬ್ಬು, ನೆಲ್ಲಿಕೊಂಬೆ ತರಲು ಹೊರಟಿದ್ದೆ. ಸರ್ಕಲ್ಲಿನಲ್ಲಿ ತಿರುಗುವಾಗ ಸ್ಪೀಡಿನ ಮುಳ್ಳಿನ ಪಕ್ಕ ಒಂದು ಕೆಂಪು ದೀಪ ಹತ್ತಿತು. ದುಂಡು ಗುರುತು, ನಡುವೆ ಆಶ್ಚರ್ಯಸೂಚಕ ಚಿಹ್ನೆ. ನೇರ ರಸ್ತೆಗೆ ಬಂದ ಮೇಲೆ ಆರಿತು. ಬ್ರೇಕು ಒತ್ತಿದಾಗ ಮತ್ತೆ ಹತ್ತಿತು. ಪಕ್ಕಕ್ಕೆ ನಿಲ್ಲಿಸಿ ನಿಮಗೆ ಫೋನ್ ಮಾಡಿದೆ.

"ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿರಲ್ಲ ನೀನು. ನೋಡು," ಅಂದಿರಿ.

"ಇಳಿಸಿದ್ದೀನಿ ರೀ."

"ಇಳಿಸಿದ್ದೀನಿ ಅಂದ್ಕೊಂಡಿರ್ತೀಯ."

ನಾನು ಇನ್ನೊಂದು ಸಲ ಎತ್ತಿ ಇಳಿಸಿದೆ. ದೀಪ ಆರಿತು. ನೋಡಿದ್ಯಾ ಅಂದಿರಿ. ಮುಂದಿನ ತಿರುವಿನಲ್ಲಿ ಅದು ಮತ್ತೆ ಹತ್ತಿದ್ದನ್ನು ನಿಮಗೆ ಹೇಳಲಿಲ್ಲ. ಸಂಜೆ ಹೇಳಿದಾಗ, ಹಾಗಾದರೆ ಓಡಿಸಬೇಡ, ಶನಿವಾರ ಬಂದು ನೋಡುತ್ತೇನೆ ಅಂದಿರಿ. ಶನಿವಾರ ಬರಲಿಲ್ಲ, ರೀಜನಲ್ ಆಫೀಸಿನವರು ಬಂದಿದ್ದರು. ನಾನು ಸೋಮವಾರ ಮಕರಪುರ ರಸ್ತೆಯ ಕನುಭಾಯಿ ಗ್ಯಾರೇಜಿಗೆ ನಿಧಾನವಾಗಿ, ಮೊದಲನೇ ಎರಡನೇ ಗೇರಿನಲ್ಲೇ ತೆಗೆದುಕೊಂಡು ಹೋದೆ. ನಮ್ಮ ಹಳೆಯ ಸ್ಕೂಟರು ನೋಡುತ್ತಿದ್ದರಲ್ಲ, ಅವರೇ. ಈಗ ಕೂದಲು ಪೂರ್ತಿ ಬೆಳ್ಳಗಾಗಿದೆ, ಗಡಿಬಿಡಿ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಈ ದೀಪಕ್ಕೆ ಇಬ್ಬರು ಯಜಮಾನರು ಬೆನ್, ಅಂತ ತಂಗಿಗೆ ಹೇಳುವ ಹಾಗೆ ಹೇಳಿದರು ಕನುಭಾಯಿ. ಹ್ಯಾಂಡ್‌ಬ್ರೇಕ್ ಮೇಲಿದ್ದರೂ ಹತ್ತುತ್ತದೆ, ಬ್ರೇಕ್ ಆಯಿಲ್ ಕಮ್ಮಿಯಾದರೂ ಹತ್ತುತ್ತದೆ. ಯಾರು ಕರೆಯುತ್ತಿದ್ದಾರೆ ಅಂತ ಮೊದಲು ನೋಡೋಣ. ಸೀಟಿನ ಪಕ್ಕ ಬಗ್ಗಿ ಹ್ಯಾಂಡ್‌ಬ್ರೇಕಿನ ಬುಡದ ವೈರು ಬಿಚ್ಚಿದರು. ಗ್ಯಾರೇಜಿನ ಅಂಗಳದಲ್ಲೇ ಒಂದು ಸುತ್ತು ಹಾಕಿಸಿದರು. ತಿರುವಿನಲ್ಲಿ ದೀಪ ಹತ್ತಿತು. ಅಂದರೆ ನನ್ನ ಕೈಯ ತಪ್ಪಲ್ಲ. ಆ ಕ್ಷಣ ನಿಮಗೆ ಫೋನ್ ಮಾಡಿ ಹೇಳಬೇಕು ಅನ್ನಿಸಿತ್ತು. ಮಾಡಿದ್ದರೆ ಈ ಕಾಗದ ಬರೆಯುವ ಪ್ರಸಂಗ ಬರುತ್ತಿತ್ತೋ ಇಲ್ಲವೋ.

ಬಾನೆಟ್ ಎತ್ತಿ ಆಯಿಲ್ ಡಬ್ಬಿ ತೋರಿಸಿದರು. ಕೆಳಗಿನ ಗೆರೆಗಿಂತ ಕೆಳಗಿತ್ತು. ತಿರುಗುವಾಗ, ಬ್ರೇಕು ಹಾಕುವಾಗ ಆಯಿಲ್ ಒಂದು ಪಕ್ಕಕ್ಕೆ ವಾಲಿ ದೀಪ ಹತ್ತುತ್ತಿತ್ತಂತೆ. ಹಾಕಿಬಿಡಿ ಅಂದೆ. ಅವರು ಮುಚ್ಚಳದ ಸುತ್ತ ಬೆರಳಾಡಿಸಿ, ಈಚೆಗೆ ಯಾರೋ ಹಾಕಿದ್ದಾರಲ್ಲ, ನೀವಾ ಅಂತ ಕೇಳಿದರು. ನಾನಲ್ಲ ಅಂದೆ. "ಆಯಿಲ್ ಹಾಕಿದರೆ ದೀಪ ಆರುತ್ತೆ ಬೆನ್. ಆದರೆ ಬ್ರೇಕಿನ ಆಯಿಲ್ ಪೆಟ್ರೋಲಿನ ಹಾಗೆ ಖರ್ಚಾಗೋದಲ್ಲ. ಎಲ್ಲಿಗೆ ಹೋಯಿತು ಅಂತ ಮೊದಲು ಕೇಳಬೇಕು," ಅಂದರು.

ಮುಂದಿನ ಚಕ್ರ ಎರಡೂ ಚೆನ್ನಾಗಿದ್ದವು. ಹಿಂದಿನ ಎಡಚಕ್ರ ಬಿಚ್ಚಿ ಡ್ರಮ್ಮು ಎಳೆದಾಗ ಸುಟ್ಟ ವಾಸನೆ ಬಂತು. ಒಳಗೆ ಕಪ್ಪು ಪುಡಿ, ಅದೂ ಒದ್ದೆ. ಡ್ರಮ್ಮನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ಸವೆದು ಕಬ್ಬಿಣ ಕಾಣುವ ಹಾಗಿತ್ತು. ಡ್ರಮ್ಮಿನ ಒಳಗೋಡೆ ಸೀದ ಬಾಣಲೆಯ ತರಹ ನೀಲಿ ತಿರುಗಿತ್ತು. ಕಾವಿಗೆ ಆ ಶೂ ತಳ್ಳುವ ಸಿಲಿಂಡರಿನ ರಬ್ಬರು ಗಟ್ಟಿಯಾಗಿ ಬಿರಿದು, ಅಲ್ಲಿಂದ ಆಯಿಲ್ ಒಸರುತ್ತಿತ್ತು. ಬಲಚಕ್ರವನ್ನೂ ಬಿಚ್ಚಿದರು. ಅದೂ ಹಾಗೇ.

"ಎರಡೂ ಕಡೆ ಒಂದೇ ಥರ ಬೆಂದಿದೆ. ಇದು ಹ್ಯಾಂಡ್‌ಬ್ರೇಕ್ ಅರ್ಧ ಎತ್ತಿಟ್ಟು ಓಡಿಸಿದ್ದು, ಒಂದು ದಿನ ಅಲ್ಲ, ತಿಂಗಳುಗಟ್ಟಲೆ," ಅಂದರು ಕನುಭಾಯಿ. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ಸಂಕೋಚ ಬೇಡ ಬೆನ್. ಹೊಸಬರು ಎಲ್ಲರೂ ಮಾಡ್ತಾರೆ. ಈ ಗಾಡಿಯಲ್ಲಿ ಯಾರೋ ಕಲಿತಿದ್ದಾರೆ."

ನಾನು ಕಲಿತದ್ದು ಸ್ಕೂಲಿನ ಕಾರಿನಲ್ಲಿ. ಈ ಕಾರನ್ನು ದೀಪಾವಳಿಯಿಂದ ಈಚೆಗೆ ನಾಲ್ಕೈದು ಸಲ ಓಡಿಸಿರಬಹುದು. ನೀವು ಎಷ್ಟೋ ವರ್ಷದಿಂದ ಓಡಿಸುವವರು, ಹೊರಡುವ ಮೊದಲು ಹ್ಯಾಂಡ್‌ಬ್ರೇಕನ್ನು ಎರಡು ಸಲ ಒತ್ತಿ ನೋಡುವವರು. ಕನುಭಾಯಿ, ಹಿಂದೆ ಸರ್ವಿಸ್ ಯಾವಾಗ ಆಗಿದ್ದು, ಪುಸ್ತಕ ಇದೆಯಾ ಅಂತ ಕೇಳಿದರು. ಮುಂದಿನ ಖಾನೆ ತೆಗೆದು ಕಾಗದಗಳನ್ನು ಈಚೆ ಎಳೆದೆ. ಸರ್ವಿಸ್ ಪುಸ್ತಕದೊಳಗೆ ಮಡಿಸಿಟ್ಟ ಒಂದು ಜೆರಾಕ್ಸ್ ಸಿಕ್ಕಿತು. ಲರ್ನಿಂಗ್ ಲೈಸೆನ್ಸು. ಹೆಸರು ನಮಿತಾ. ವಿಳಾಸ ಸೂರತ್‌ನ ಅಡಾಜಣ್. ಹುಟ್ಟಿದ ವರ್ಷ ೧೯೯೧. ಜೆರಾಕ್ಸಿನಲ್ಲಿ ಮುಖ ಅರ್ಧ ಕಪ್ಪಾಗಿತ್ತು, ಮೂಗುಬೊಟ್ಟು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಗೋಂದಿನ ಚೌಕ ಕಲಿಯುವವರು ಅಂಟಿಸುವ 'ಎಲ್' ಚೀಟಿಯದ್ದು, ದಿಂಬು ಇವಳದ್ದು ಅಂತ ಆಗ ತಿಳಿಯಿತು. ಒಬ್ಬ ಹೆಂಗಸು ಕೂತ ದಿಂಬಿನ ಕವರನ್ನು ನನ್ನ ಕೈಯಾರೆ ಒಗೆದಿಟ್ಟಿದ್ದೆ.

ಅಂದು ಸಂಜೆ ನೀವೇ ಫೋನ್ ಮಾಡಿದಿರಿ. ಗ್ಯಾರೇಜಿನ ಸುದ್ದಿ ಎತ್ತದೆ, ಸೂರತ್‌ನಲ್ಲಿ ಕಾರನ್ನು ಬೇರೆ ಯಾರಾದರೂ ಓಡಿಸಿದ್ದರಾ ಅಂತ ಕೇಳಿದೆ. "ಯಾರು ಓಡಿಸ್ತಾರೆ? ನಾನೇ," ಅಂದಿರಿ. ಯಾಕೆ ಅಂತ ಕೇಳಿದಿರಿ. ಸುಮ್ಮನೆ ಅಂದೆ. ನೀವು ತಕ್ಷಣ ಚಳಿಯ ಮಾತು ತೆಗೆದಿರಿ.

ಇಲ್ಲಿಂದ ಮುಂದಿನ ಒಂಬತ್ತು ದಿನ ನಾನು ಹೇಗಿದ್ದೆ ಅಂತ ಬರೆಯಲು ನಾಚಿಕೆಯಾಗುತ್ತದೆ. ಬರೆಯುತ್ತೇನೆ. ಹೊಟ್ಟೆಕಿಚ್ಚು ಅಂದರೆ ಬಾಯಿಮಾತು ಅಂದುಕೊಂಡಿದ್ದೆ. ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ. ಊಟ ಸೇರುತ್ತಿರಲಿಲ್ಲ. ಆ ಜೆರಾಕ್ಸನ್ನು ದೇವರ ಮನೆಯ ಡ್ರಾಯರಿನಲ್ಲಿಟ್ಟು ದಿನಕ್ಕೆ ಹತ್ತು ಸಲ ತೆಗೆದು ನೋಡುತ್ತಿದ್ದೆ. ಕ್ಯಾಲೆಂಡರು ಇಳಿಸಿ, ಮಳೆಗಾಲದಲ್ಲಿ ನೀವು ಮನೆಗೆ ಬಾರದ ಭಾನುವಾರಗಳನ್ನು ಲೆಕ್ಕ ಹಾಕಿದೆ. ಏಳು. ಜೋರು ಮಳೆ ಅಂದದ್ದು ಮೂರು, ಆಡಿಟ್ ಅಂದದ್ದು ಎರಡು, ಜ್ವರ ಒಂದು, ಇನ್ನೊಂದಕ್ಕೆ ಕಾರಣವನ್ನೇ ಹೇಳಿರಲಿಲ್ಲ. ಅಡಾಜಣ್‌ನ ಉಡುಪಿ ಹೋಟೆಲಿನಲ್ಲಿ ರಾತ್ರಿ ಊಟ, ಅಲ್ಲಿಯ ಸಾರು ನಮ್ಮ ಮನೆಯ ಸಾರಿನ ಹಾಗೇ ಇರುತ್ತದೆ ಅಂತ ನೀವು ಹೇಳುತ್ತಿದ್ದದ್ದು ನೆನಪಾಯಿತು. ಆಗ ಖುಷಿಪಟ್ಟಿದ್ದೆ, ಸದ್ಯ ನಿಮ್ಮ ಹೊಟ್ಟೆ ತಂಪಾಗಿದೆ ಅಂತ. ಈಗ ಒಲೆಯ ಮುಂದೆ ನಿಂತು ಸಾರಿಗೆ ಒಗ್ಗರಣೆ ಹಾಕುವಾಗ, ಆ ಸಾರು ಇವಳದೇ ಇರಬೇಕು, ಇಂಗು ಹೆಚ್ಚು ಹಾಕುತ್ತಾಳೋ ಬೆಳ್ಳುಳ್ಳಿಯೋ ಅಂತ ಯೋಚಿಸುತ್ತಿದ್ದೆ. ಕನ್ನಡಿಯಲ್ಲಿ ನನ್ನ ಮೂಗು ನೋಡಿಕೊಂಡೆ. ಐವತ್ತರ ಹೆಂಗಸು ಮೂಗುಬೊಟ್ಟು ಬದಲಿಸಬೇಕಾ ಅಂತ ಯೋಚಿಸುವುದು ಎಂಥ ಅವಮಾನ ಅಂತ ನಿಮಗೆ ಗೊತ್ತಾಗಲಿಕ್ಕಿಲ್ಲ.

ಹತ್ತೊಂಬತ್ತನೇ ತಾರೀಕು, ಬುಧವಾರ, ಬೆಳಗಿನ ರೈಲಿಗೆ ಸೂರತ್‌ಗೆ ಹೋದೆ. ನಿಮಗೆ ಹೇಳಲಿಲ್ಲ. ನೀವು ಆಫೀಸಿನಲ್ಲಿರುವ ಹೊತ್ತು ನೋಡಿಯೇ ಹೋದದ್ದು. ಗಂಟಿನಲ್ಲಿದ್ದ ರೇಷ್ಮೆ ಸೀರೆ ಉಟ್ಟಿದ್ದೆ, ವಾರದ ನಡುವೆ, ಹಗಲಲ್ಲಿ. ಸ್ಟೇಷನ್ನಿನಿಂದ ಆಟೋ ಮಾಡಿಕೊಂಡು ಜೆರಾಕ್ಸಿನ ವಿಳಾಸ ತೋರಿಸಿದೆ. ಅದು ನೀವು ಹೇಳುತ್ತಿದ್ದ ಉಡುಪಿ ಹೋಟೆಲಿನ ವಿಳಾಸವೇ.

ಮೂಲೆಯ ಟೇಬಲಿಗೆ ಕೂತು ನೀರುದೋಸೆ ಹೇಳಿದೆ. ಗಲ್ಲಾಪೆಟ್ಟಿಗೆಯ ಹಿಂದೆ ಅವಳೇ ಇದ್ದಳು. ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡು ತರಕಾರಿಯವನನ್ನು ಗುಜರಾತಿಯಲ್ಲಿ ಬೈಯುತ್ತ, ಕೈಯಲ್ಲಿ ಬಿಲ್ಲು ಹರಿಯುತ್ತ. ಜೆರಾಕ್ಸಿಗಿಂತ ಸಣ್ಣಗಿದ್ದಾಳೆ, ಕಣ್ಣ ಕೆಳಗೆ ಕಪ್ಪು. ಏನೇನು ಕೇಳಬೇಕು ಅಂತ ರೈಲಿನಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ. ಎದ್ದು ಹೋಗಿ ಗಲ್ಲಾದ ಮುಂದೆ ನಿಂತು, "ನಾನು ಮಹೇಶ್ ಅವರ ಮನೆಯವರು, ಬರೋಡಾದಿಂದ," ಅಂದೆ. ನಿಮ್ಮ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಎಷ್ಟು ವರ್ಷದ ಮೇಲೋ.

ಅವಳು ಫೋನ್ ಕೆಳಗಿಟ್ಟಳು. ಗಲ್ಲಾ ಬಳಸಿ ಈಚೆ ಬಂದು, ಗಿರಾಕಿಗಳೆಲ್ಲ ನೋಡುತ್ತಿರುವಾಗ ಬಗ್ಗಿ ನನ್ನ ಕಾಲು ಮುಟ್ಟಿದಳು. "ಅಕ್ಕ, ನೀವು ಬರ್ತೀರಿ ಅಂತ ಸರ್ ಒಂದು ಮಾತು ಹೇಳ್ಲಿಲ್ಲ ಮಾರಾಯ್ರೆ. ಒಳಗೆ ಬನ್ನಿ, ಇಲ್ಲಿ ಎಂತ ಕೂತ್ಕೊಳ್ಳುದು," ಅಂತ ಕೈ ಹಿಡಿದು ಹಿಂದಿನ ಮನೆಗೆ ಕರೆದುಕೊಂಡು ಹೋದಳು.

ಅಲ್ಲಿ ಹಲಗೆಯ ಮಂಚದ ಮೇಲೆ ಅವಳ ಗಂಡ ಸುಧೀರ್ ಮಲಗಿದ್ದರು. ಮೇ ತಿಂಗಳಲ್ಲಿ ಬೆನ್ನಿನ ಆಪರೇಷನ್ ಆಯಿತಂತೆ. ಏಳಲು ನೋಡಿದರು, ಆಗದೆ ಮಲಗಿದಲ್ಲೇ ಕೈ ಮುಗಿದರು. ಅವರೇ ಎಲ್ಲ ಹೇಳಿದರು. ಬೆಳಗಿನ ಜಾವ ಹೋಟೆಲಿನ ವ್ಯಾನಿನಲ್ಲಿ ಸಗಟು ಮಾರ್ಕೆಟ್ಟಿಗೆ ಹೋಗಿ ತರಕಾರಿ ತರುವುದು ಅವರ ಕೆಲಸ. ಇಟ್ಟುಕೊಂಡ ಡ್ರೈವರುಗಳು ಒಬ್ಬರ ಹಿಂದೆ ಒಬ್ಬರು ಬಿಟ್ಟುಹೋದರು. ಹೋಟೆಲು ಮುಚ್ಚಿ ಊರಿಗೆ ಹೋಗುವ ಮಾತಾಗಿತ್ತು. ಆಗ, ದಿನವೂ ಊಟಕ್ಕೆ ಬರುತ್ತಿದ್ದ ನೀವು, ನಮಿತಾಗೇ ಕಲಿಸುತ್ತೇನೆ ಬಿಡಿ ಅಂದಿರಂತೆ. ನಮ್ಮ ಕಾರಿನಲ್ಲಿ, ಭಾನುವಾರ ಭಾನುವಾರ. ವ್ಯಾನಿನಲ್ಲಿ ಎದುರಿನದು ಸರಿಯಾಗಿ ಕಾಣದೆ ಹೆದರುತ್ತಾಳೆ ಅಂತ. "ನಿಮ್ಮವರು ಇಲ್ಲದಿದ್ರೆ ನಮ್ಮ ಒಲೆ ಆರ್ತಿತ್ತು," ಅಂದರು ಸುಧೀರ್. ಅವರ ಕಣ್ಣಲ್ಲಿ ನೀರಿತ್ತು.

ಬೈಯಲು ಹೋದ ಮನೆಯಲ್ಲಿ ನನಗೆ ಎಳನೀರು ಕೊಟ್ಟರು, ಹಣೆಗೆ ಕುಂಕುಮವಿಟ್ಟು ಮಡಿಲಿಗೆ ತೆಂಗಿನಕಾಯಿ ಹಾಕಿದರು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಕಾರಿನ ಕೆಂಪು ದೀಪದ ವಿಷಯ ನಾನೇ ತೆಗೆದೆ. ಅವಳು ನಾಲಿಗೆ ಕಚ್ಚಿಕೊಂಡಳು. ಹ್ಯಾಂಡ್‌ಬ್ರೇಕ್ ಇಳಿಸುವುದು ತನಗೆ ಯಾವಾಗಲೂ ಮರೆತೇ ಹೋಗುತ್ತಿತ್ತು, ದೀಪ ಹತ್ತಿಕೊಂಡೇ ಇರುತ್ತಿತ್ತು, ಬೆದರಿಸಬಾರದು ಅಂತ ಸರ್ ಮೊದಮೊದಲು ಹೇಳುತ್ತಲೇ ಇರಲಿಲ್ಲ, ಆಮೇಲೆ ನೋಡಿದಾಗ ಮಾತಾಡದೆ ಅವರೇ ಕೈ ಹಾಕಿ ಇಳಿಸುತ್ತಿದ್ದರು ಅಂದಳು. ಸೆಪ್ಟೆಂಬರಿನಲ್ಲಿ ಇಳಿಸಿದರೂ ದೀಪ ಆರದೆ ಹೋದಾಗ ನೀವು ಬಾಟಲಿ ತಂದು ಏನೋ ಹಾಕಿದಿರಂತೆ, ಆರಿತಂತೆ.

ನನಗೆ "ಇಳಿಸಿದ್ದೀನಿ ಅಂದ್ಕೊಂಡಿರ್ತೀಯ" ಅಂದದ್ದೂ ಇದೇ ದೀಪಕ್ಕೇ ಅಲ್ಲವೇ?

ಬೇಡ ಅಂದರೂ ಕೇಳದೆ ಅವಳು ವ್ಯಾನಿನಲ್ಲಿ ನನ್ನನ್ನು ಸ್ಟೇಷನ್ನಿಗೆ ಬಿಡಲು ಹೊರಟಳು. ಪಕ್ಕದ ಸೀಟಿನಲ್ಲಿ ನಾನು, ಹಿಂದೆ ಖಾಲಿ ತರಕಾರಿ ಟ್ರೇಗಳು. ತಾಪಿ ನದಿಯ ಸೇತುವೆಗೆ ಮೊದಲಿನ ಸಿಗ್ನಲ್ಲಿನಲ್ಲಿ ಹಸಿರು ಬಂದದ್ದೇ ವ್ಯಾನು ಕುಲುಕಿ ನಿಂತುಹೋಯಿತು. ಹಿಂದೆ ಸೀರೆಯ ಗಂಟು ಹೇರಿದ ಟೆಂಪೋಗಳು, ಆಟೋಗಳು, ಸಿಟಿ ಬಸ್ಸು, ಎಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ನಾನು ತಿರುಗಿ ಹಿಂದೆ ನೋಡಿದೆ. ಅವಳು ಹಿಂದೆ ತಿರುಗಿ ಕೂಡ ನೋಡಲಿಲ್ಲ. ಗೇರು ತೆಗೆದು, ಕೀ ತಿರುಗಿಸಿ, ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು:

"ನಿಂತ್ರೆ ನಿಂತಿತು. ಹಾರ್ನ್ ಅವರದು, ಗಾಡಿ ನಿಮ್ಮದು. ನಿಧಾನ."

ವ್ಯಾನು ಹೊರಟಿತು. ಅವಳು ನಕ್ಕು, ಇದು ಸರ್ ಹೇಳಿಕೊಟ್ಟ ಮಂತ್ರ ಅಕ್ಕ, ಮೊದಮೊದಲು ನಾನು ಒಂದೊಂದು ಭಾನುವಾರ ಇಪ್ಪತ್ತು ಸಲ ನಿಲ್ಲಿಸ್ತಿದ್ದೆ, ಇಪ್ಪತ್ತು ಸಲವೂ ಇದೇ ದನಿಯಲ್ಲಿ ಹೇಳ್ತಿದ್ರು ಅಂದಳು. ನೀವು ಹೇಳುವ ಹಾಗೇ ಹೇಳಿ ತೋರಿಸಿದಳು. "ನಿಧಾನ" ಅನ್ನುವಾಗ ಕೊನೆಯಲ್ಲಿ ಸ್ವಲ್ಪ ಎಳೆಯುತ್ತೀರಂತೆ. ಆ ಎಳೆತವನ್ನು ನಾನು ಯಾವತ್ತೂ ಕೇಳಿಲ್ಲ ರೀ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ.

೨೦೧೦ರಲ್ಲಿ ನಾವು ಮೊದಲ ಕಾರು ತೆಗೆದುಕೊಂಡ ವರ್ಷ, ಮಕರಪುರದ ಹಿಂದಿನ ಮೈದಾನಕ್ಕೆ ನನಗೆ ಕಲಿಸಲೆಂದು ಕರೆದುಕೊಂಡು ಹೋಗಿದ್ದಿರಿ. ಅದಿತಿಗೆ ಏಳು ವರ್ಷ, ಹಿಂದಿನ ಸೀಟಿನಲ್ಲಿದ್ದಳು. ಗಾಡಿ ಮೂರು ಸಲ ನಿಂತಿತು. ಮೂರನೇ ಸಲಕ್ಕೆ ನೀವು ಕೀ ಕಿತ್ತುಕೊಂಡು, "ಇದು ನಿನ್ನ ಕೈಲಾಗೋ ಕೆಲಸ ಅಲ್ಲ, ಇಳಿ," ಅಂದಿರಿ. ಇಳಿದೆ. ನೀವು ಆ ಕಡೆಯಿಂದ ಬಂದು ಕೂರುವವರೆಗೆ ಬಿಸಿಲಲ್ಲಿ ನಿಂತಿದ್ದೆ. ದಾರಿಯುದ್ದಕ್ಕೂ ನಿಮ್ಮ ಆಫೀಸಿನ ಸುದ್ದಿ ಮಾತಾಡಿದಿರಿ. ನಿಮಗೆ ಅದು ಮರೆತೇ ಹೋಗಿರಬೇಕು. ಆ ಮೇಲೆ ಹದಿನಾಲ್ಕು ವರ್ಷ ನಾನು ಸ್ಟೀರಿಂಗ್ ಮುಟ್ಟಲಿಲ್ಲ.

ವಾಪಸು ರೈಲಿನಲ್ಲಿ ಭರೂಚ್ ದಾಟುವವರೆಗೂ ಅತ್ತೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು, ಯಾರಾದರೂ ಹೋದರಾ ಅಂತ ಕೇಳಿದರು. ಇಲ್ಲ ಅಂದೆ.

ಇನ್ನೊಂದು ಮಾತು, ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಆಯಿಲ್ ಹಾಕಿ ದೀಪ ಆರಿಸಿದ ಕಾರನ್ನು ನೀವು ನನ್ನ ಕೈಗೆ ಕೊಟ್ಟಿರಿ. ಗೊತ್ತಿದ್ದು ಕೊಟ್ಟಿರಿ ಅಂತ ನಾನು ಹೇಳುವುದಿಲ್ಲ. ಇನ್ನು ಹದಿನೈದು ದಿನ ಹಾಗೇ ಓಡಿಸಿದ್ದರೆ, ಒಂದು ದಿನ ಒತ್ತಿದ ಪೆಡಲು ನೆಲಕ್ಕೆ ಹೋಗುತ್ತಿತ್ತು ಅಂದರು ಕನುಭಾಯಿ. ಯಾರಾದರೂ ಓಡಿಸಿದ್ದರಾ ಅಂತ ಕೇಳಿದ ಸಂಜೆ ಹೌದು ಅಂದಿದ್ದರೆ, ಹೊಟ್ಟೆ ಉರಿಯುತ್ತಿತ್ತು, ಆದರೆ ಅವತ್ತೇ ಉರಿದು ಆರುತ್ತಿತ್ತು. ನನಗೆ ನೋವಾಗುತ್ತದೆ ಅಂತ ಮುಚ್ಚಿಟ್ಟಿರಿ ಅಂದುಕೊಳ್ಳುತ್ತೇನೆ. ಅಂದರೆ ಯಾವುದಕ್ಕೆ ನೋವಾಗುತ್ತದೆ ಅಂತ ನಿಮಗೆ ಗೊತ್ತಿತ್ತು.

ಕಾರಿಗೆ ಹಿಂದಿನ ಎರಡೂ ಕಡೆ ಹೊಸ ಶೂ, ಹೊಸ ಸಿಲಿಂಡರು, ಹೊಸ ಡ್ರಮ್ಮು ಹಾಕಿಸಿದೆ. ಕನುಭಾಯಿ ಹಳೆಯ ಆಯಿಲ್ ಪೂರ್ತಿ ತೆಗೆದು, ನನ್ನನ್ನೇ ಕೂರಿಸಿ ಪೆಡಲು ಒತ್ತಿಸಿ ಬಿಡಿಸಿ, ಪೈಪಿನಲ್ಲಿದ್ದ ಗಾಳಿಯನ್ನೆಲ್ಲ ಹೊರಗೆ ಹಾಕಿಸಿದರು. ಆಮೇಲೆ, ಇನ್ನು ಎಲ್ಲಿಗೆ ಬೇಕಾದರೂ ಹೋಗಿ ಬೆನ್ ಅಂದರು. ನಿನ್ನೆ ಬೆಳಿಗ್ಗೆ ಏಳಕ್ಕೆ ಹೊರಟೆ. ಎಕ್ಸ್‌ಪ್ರೆಸ್‌ವೇ ಹತ್ತಿದ ಮೇಲೆ ಮೊದಲ ಅರ್ಧ ಗಂಟೆ ರಸ್ತೆಗಿಂತ ದೀಪವಿರುವ ಜಾಗವನ್ನೇ ಹೆಚ್ಚು ನೋಡಿದೆ. ಹತ್ತಲಿಲ್ಲ. ಆಣಂದ್ ದಾಟಿದ ಮೇಲೆ ಹೊಲಗಳನ್ನೂ ನೋಡಿದೆ. ವಸ್ತ್ರಾಪುರದ ಹತ್ತಿರ ಒಂದು ಸಲ ದಾರಿ ತಪ್ಪಿ, ಕೆರೆಗೆ ಪೂರ್ತಿ ಒಂದು ಸುತ್ತು ಹಾಕಿ ಬಂದೆ.

ಅದಿತಿ ಬಾಗಿಲು ತೆಗೆದವಳು ನನ್ನ ಹಿಂದೆ ನೀವಿದ್ದೀರಾ ಅಂತ ಇಣುಕಿದಳು. "ಅಮ್ಮಾ, ಅಕೇಲೀ? ಒಬ್ಬಳೇ? ಎಕ್ಸ್‌ಪ್ರೆಸ್‌ವೇ ಮೇಲೆ? ಪಪ್ಪಾಗೆ ಗೊತ್ತಾ?" ಅಂದಳು. ಗೊತ್ತಿಲ್ಲ, ಬರೆದು ತಿಳಿಸುತ್ತೇನೆ ಅಂದೆ. ಅವಳು ಬಹಳ ಹೊತ್ತು ನನ್ನ ಕೈ ಹಿಡಿದುಕೊಂಡೇ ಇದ್ದಳು. ಸಂಜೆ ಅವಳನ್ನು ಕೂರಿಸಿಕೊಂಡು ಸಾಬರಮತಿಯ ಕಡೆಗೆ ಹೋಗಿ ಬಂದೆ. ನಮಿತಾಳ ವಿಷಯ ಅವಳಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ನೀವು ಅಲ್ಲಿ ಊಟಕ್ಕೆ ಹೋಗುವುದನ್ನು ಬಿಡಬೇಡಿ. ಬಿಟ್ಟರೆ ಆ ಹುಡುಗಿ ತನ್ನಿಂದಲೇ ಏನೋ ತಪ್ಪಾಯಿತು ಅಂದುಕೊಳ್ಳುತ್ತಾಳೆ. ಅವಳ ಮೇಲೆ ನನಗಿರುವ ಹೊಟ್ಟೆಕಿಚ್ಚು ಹೋಗಿದೆ ಅಂತ ಸುಳ್ಳು ಬರೆಯುವುದಿಲ್ಲ. ಇನ್ನೂ ಇದೆ. ಅವಳು ಪರ್ಮನೆಂಟ್ ಲೈಸೆನ್ಸಿನ ಟೆಸ್ಟು ಪಾಸಾದಾಗ ನೀವು ಪೇಡಾ ಹಂಚಿದಿರಂತೆ. ಅದನ್ನು ನೆನೆದರೆ ಈಗಲೂ ಉರಿಯುತ್ತದೆ. ನಾನು ಪಾಸಾದ ದಿನ ನಿಮಗೆ ಮೆಸೇಜು ಹಾಕಿದ್ದೆ, ನೀವು ಹೆಬ್ಬೆರಳಿನ ಚಿತ್ರ ಕಳಿಸಿದ್ದಿರಿ. ಇದೆಲ್ಲ ಆರಲು ಸಮಯ ಬೇಕು. ಅಲ್ಲಿಯವರೆಗೆ ನನ್ನ "ಹೂಂ" ಅನ್ನು ಸಹಿಸಿಕೊಳ್ಳಿ.

ನಾನು ಮಂಗಳವಾರ ಬರೋಡಾಕ್ಕೆ ಹೋಗುತ್ತೇನೆ. ಕಾರು ಇನ್ನು ಮನೆಯಲ್ಲೇ ಇರುತ್ತದೆ. ಬರುವ ಶನಿವಾರ ನೀವು ರೈಲಿಗೆ ಬಂದರೆ ಸ್ಟೇಷನ್ನಿಗೆ ನಾನು ಬರುತ್ತೇನೆ. ಆಟೋ ಮಾಡಬೇಡಿ. ದಾರಿಯಲ್ಲಿ ನನಗೆ ಏನನ್ನೂ ಹೇಳಿಕೊಡಬೇಡಿ, ಸುಮ್ಮನೆ ಪಕ್ಕದಲ್ಲಿ ಕೂತಿರಿ.

ಬಿಸಿನೀರು ಕುಡಿಯಿರಿ. ಸುಧೀರ್ ಅವರ ಬೆನ್ನು ಬೇಗ ಸರಿಹೋಗಲಿ ಅಂತ ಇಲ್ಲಿಯ ಗಣಪತಿ ಗುಡಿಯಲ್ಲಿ ಹೇಳಿಕೊಂಡಿದ್ದೇನೆ. ನಿಮ್ಮ ಹೆಸರೂ ಹೇಳಿದ್ದೇನೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ,
ಇಂದುಮತಿ

ಬರೆಯಬಾರದು ಅಂತಲೇ ಹೆಸರು ಹಾಕಿ ಮುಗಿಸಿದ್ದೆ. ಆದರೂ ಬರೆಯುತ್ತೇನೆ. ಸೂರತ್‌ನ ಆ ಸೇತುವೆ ದಾಟಿದ ಮೇಲೆ ನಮಿತಾ ಕೇಳಿದಳು, "ಅಕ್ಕ, ನಿಮಗೂ ಸರ್ ಹೀಗೇ ಕಲಿ‌ಸಿದ್ದಾ?" ಅಂತ. ನಾನು ಹೌದು ಅಂದೆ. ಅಷ್ಟಕ್ಕೇ ಬಿಡಲಿಲ್ಲ. ಮೈದಾನದಲ್ಲಿ ಗಾಡಿ ಮೂರು ಸಲ ನಿಂತಿತು, ಮೂರು ಸಲವೂ ನಕ್ಕು ಇನ್ನೊಂದು ಸಲ ನೋಡು ಅಂದರು, ವಾಪಸು ಬರುವಾಗ ಮನೆಯವರೆಗೂ ನನ್ನ ಕೈಯಲ್ಲೇ ಓಡಿಸಿದರು, ದಾರಿಯಲ್ಲಿ ನಿಲ್ಲಿಸಿ ಕಬ್ಬಿನ ಹಾಲು ಕುಡಿಸಿದರು ಅಂತೆಲ್ಲ ಹೇಳಿದೆ. ಹೇಳುತ್ತ ಹೋದ ಹಾಗೆ ನನಗೇ ಅದು ಕಣ್ಣಿಗೆ ಕಟ್ಟಿತು. ಅವಳು, ನೀವು ಪುಣ್ಯ ಮಾಡಿದ್ದೀರಿ ಅಕ್ಕ ಅಂದಳು. ಅವಳು ಎಂದಾದರೂ ನಿಮ್ಮೆದುರು ಆ ಮಾತು ತೆಗೆದರೆ, ದಯವಿಟ್ಟು ಹೌದು ಅನ್ನಿ.